ಹಿತ್ತಲಿನ ಹಲಸು, ಮಗಳ ನೋಟ್‌ಬುಕ್

ಕೊಚ್ಚಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಹಲಸಿನ ಮರವಿತ್ತು. ಮೊದಲ ವರ್ಷ ಅದು ನನ್ನ ಗಮನಕ್ಕೆ ಬಂದದ್ದು ತರಗೆಲೆ ಗುಡಿಸುವಾಗ ಮಾತ್ರ. ಪುತ್ತೂರಿನ ಕಡೆಯವನಿಗೆ ಹಲಸೇನು ಹೊಸತೇ? ಅದನ್ನು ಸರಿಯಾಗಿ ನೋಡುವುದನ್ನು ಕಲಿಸಿದವಳು ನಾಲ್ಕನೇ ಕ್ಲಾಸಿನ ಮಗಳು.

ಅವಳ ಶಾಲೆಯಲ್ಲಿ 'ಸೀಸನ್‌ವಾಚ್' ಇತ್ತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಕಾರ್ಯಕ್ರಮ ಇದು. ಕೇರಳದಲ್ಲಿ 'ಮಾತೃಭೂಮಿ' ಪತ್ರಿಕೆಯ ಸೀಡ್ ಯೋಜನೆಯ ಮೂಲಕ ನೂರಾರು ಶಾಲೆಗಳಿಗೆ ತಲುಪಿದೆ. ಕೆಲಸ ಸುಲಭ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡುವುದು. ಚಿಗುರು, ಹೂವು, ಕಾಯಿ, ಹಣ್ಣು ಇಲ್ಲವೋ, ಸ್ವಲ್ಪವೋ, ತುಂಬಾ ಇವೆಯೋ ಎಂದು ಬರೆಯುವುದು. ವರ್ಷಗಟ್ಟಲೆ ಹೀಗೆ ಬರೆದರೆ ಋತುಗಳು ಹಿಂದೆಮುಂದೆ ಆಗುತ್ತಿರುವುದು ತಿಳಿಯುತ್ತದೆ.

ಒಂದು ಭಾನುವಾರ ಮಗಳು ಅಳುಮುಖ ಮಾಡಿಕೊಂಡು ಬಂದಳು. "ಅಪ್ಪಾ, ಗುಜ್ಜೆಯೆಲ್ಲ ಕಪ್ಪಾಗಿ ಉದುರ್ತಾ ಇದೆ!" ಬಿಸಿಲಿಗೆ ಕೊಳೆತಿರಬೇಕು ಎಂದೆ. ಪಕ್ಕದಲ್ಲೇ ಇದ್ದ ಮನೆಯೊಡತಿ ಅಮ್ಮಚ್ಚಿ ನಕ್ಕುಬಿಟ್ಟರು. ಉದುರುತ್ತಿದ್ದದ್ದು ಕಾಯಿಯೇ ಅಲ್ಲ, ಗಂಡು ಹೂಗೊಂಚಲು. ಹಲಸಿನಲ್ಲಿ ಗಂಡು ಗೊಂಚಲು, ಹೆಣ್ಣು ಗೊಂಚಲು ಎರಡೂ ಒಂದೇ ಮರದಲ್ಲಿ ಬೇರೆಬೇರೆಯಾಗಿ ಬಿಡುತ್ತವೆ. ಪರಾಗ ಚೆಲ್ಲಿದ ಮೇಲೆ ಗಂಡು ಕಪ್ಪಾಗಿ ಬೀಳುತ್ತದೆ. ಹೆಣ್ಣು ಮಾತ್ರ ಹಣ್ಣಾಗುತ್ತದೆ. ನಲವತ್ತು ವರ್ಷ ಹಲಸು ತಿಂದವನಿಗೆ ಇಷ್ಟು ಗೊತ್ತಿರಲಿಲ್ಲ!

ಅಂದಿನಿಂದ ಮೂವರೂ ಸೇರಿ ನೋಡತೊಡಗಿದೆವು. ನಾನು ಬಕ್ಕೆ, ತುಳುವ ಎಂದರೆ ಅಮ್ಮಚ್ಚಿ ವರಿಕ್ಕ, ಕೂಳ ಎನ್ನುವರು. ನಮ್ಮ ಗುಜ್ಜೆ ಅವರಿಗೆ ಇಡಿಚಕ್ಕ. ಮರಕ್ಕೆ ಅವರು ಪ್ಲಾವು ಎಂದಾಗ, ಹಳಗನ್ನಡದಲ್ಲಿ ಹಲಸು 'ಪಲಸು' ಆಗಿತ್ತು ಎಂದು ಮಗಳಿಗೆ ಹೇಳಿದೆ. ಅವಳೇ ಮುಂದುವರಿಸಿದಳು: ಪೂವು ಹೂವು, ಪುಳಿ ಹುಳಿ, ಪಾಲ ಹಾಲೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುತ್ತಿದ್ದ ಹುಡುಗಿ, ಮರದ ಕೆಳಗೆ ಕನ್ನಡದ ಹೆಸರುಗಳನ್ನು ತಾನಾಗಿ ಕೇಳತೊಡಗಿದ್ದಳು. ನೋಟ್‌ಬುಕ್ಕಿನಲ್ಲಿ ಎರಡೂ ಲಿಪಿಗಳಲ್ಲಿ ಬರೆದಳು.

ಕೊಚ್ಚಿಗೆ ಇದು ಹೊಸದಲ್ಲ. ಇಲ್ಲಿಯ ಡಚ್ ಗವರ್ನರ್ ಆಗಿದ್ದ ವಾನ್ ರೀಡ್ ಮಾಡಿಸಿದ 'ಹೊರ್ತುಸ್ ಮಲಬಾರಿಕಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣ, ಹೆಸರು ಹೇಳಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರು. ಅದರ ಚಿತ್ರಗಳಲ್ಲಿಯೂ ಒಂದೇ ಗಿಡಕ್ಕೆ ಹಲವು ಲಿಪಿಗಳಲ್ಲಿ ಹೆಸರು.

ಜೂನ್‌ನಲ್ಲಿ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ದಾರಿ ಸುಮಾರು 200 ಕಿ.ಮೀ. ರೈಲಿನಲ್ಲಿ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಇನ್ನು ನಮ್ಮ ಮರ ನೋಡೋರು ಯಾರು?" ನನ್ನಲ್ಲಿ ಉತ್ತರವಿರಲಿಲ್ಲ.

ಹೊಸ ಮನೆ ಮೂರನೇ ಮಹಡಿಯಲ್ಲಿ, ಹಿತ್ತಲಿಲ್ಲ. ಅವಳನ್ನು ಸಮಾಧಾನಪಡಿಸಲು ಹೊರ್ತುಸ್‌ನ ಕಥೆ ಹೇಳಿದೆ. ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ಅದರ ಹಿಂದೆ ಬಿದ್ದು ಮಾಡಿದ ಇಂಗ್ಲಿಷ್ ಅನುವಾದವನ್ನು 2003ರಲ್ಲಿ ಪ್ರಕಟಿಸಿದ್ದು ಇದೇ ಊರಿನ ಕೇರಳ ವಿಶ್ವವಿದ್ಯಾಲಯ. ಕೊಚ್ಚಿಯ ಗಿಡಗಳು ಹಾಗೆ ಇಲ್ಲಿಗೂ ಬಂದಿವೆ ಎಂದೆ. ಅವಳಿಗೆ ಅದು ಸಾಲಲಿಲ್ಲ.

ಉತ್ತರ ಕೊಟ್ಟದ್ದು ಅಮ್ಮಚ್ಚಿ. ಭಾನುವಾರ ತಾವೇ ಫೋನ್ ಮಾಡಿ ಮರದ ಸಮಾಚಾರ ಹೇಳತೊಡಗಿದರು. ಕಣ್ಣಾರೆ ಕಾಣದ್ದನ್ನು ಸೀಸನ್‌ವಾಚ್‌ಗೆ ಕಳಿಸಬಾರದು ಎಂದು ಮಗಳೇ ತೀರ್ಮಾನಿಸಿ, ಅದನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಾಳೆ. ಮುಂಬದಿಯಲ್ಲಿ ಈಗ ನಮ್ಮ ರಸ್ತೆಯ ಕಣಿಕೊನ್ನ ಇದೆ. ಪಕ್ಕದಲ್ಲಿ ಕನ್ನಡದಲ್ಲಿ 'ಕಕ್ಕೆ' ಎಂದಿದೆ.

ಕಳೆದ ವಾರ ಅಮ್ಮಚ್ಚಿಯ ಸುದ್ದಿ: ಗಂಡು ಗೊಂಚಲು ಉದುರುತ್ತಿದೆ, ಹೆಣ್ಣು ಏಳು ನಿಂತಿವೆ. ಹಣ್ಣಾಗುವ ಹೊತ್ತಿಗೆ ಬರಲೇಬೇಕಂತೆ. ಟಿಕೆಟ್ ಮಾಡಿಸಿದ್ದೇವೆ.

ನಿಮ್ಮ ಮನೆ ಹತ್ತಿರ ಯಾವ ಮರವಿದೆ? ಈ ಭಾನುವಾರ ಮಕ್ಕಳ ಜೊತೆ ಒಮ್ಮೆ ನೋಡಿ ಬನ್ನಿ. ಅಲ್ಲಿಯವರು ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿ. ನಿಮ್ಮೂರಲ್ಲಿ ಏನೆನ್ನುತ್ತಾರೆ ಎಂಬುದನ್ನೂ ಹೇಳಿ.