ಎಲೆ ಲೆಕ್ಕದೊಳಗಿನ ದುಃಖ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮದುವೆ ಕಾಗದಕ್ಕೆ ದೇವರ ಮುಂದೆ ಜಾಗ. ಸಾವಿನ ಕಾಗದ ಹೊಸ್ತಿಲನ್ನೇ ದಾಟುವಂತಿರಲಿಲ್ಲ. ಮೂಲೆಗೆ ಅರಿಸಿನ ಹಚ್ಚಿದ ಪತ್ರ ಬಂದರೆ ಮನೆಮಂದಿಯೆಲ್ಲ ಸೇರಿ ಓದುವುದು. ಕಾರ್ಡಿನಲ್ಲಿ ‘ದೈವಾಧೀನರಾದರು’ ಅಂತ ಕಂಡರೆ ಜಗಲಿಯ ಮೇಲೇ ನಿಂತು ಓದಿ, ಅಲ್ಲೇ ಹರಿದು, ಸ್ನಾನಕ್ಕೆ ನಡೆಯುವುದು. ಹಾಗಾಗಿ ದುಃಖ ಹೊತ್ತು ತಂದ ಕಾಗದಗಳು ಉಳಿಯಲಿಲ್ಲ. ಉಳಿದದ್ದು ದುಃಖಕ್ಕೆ ಆದ ಖರ್ಚಿನ ಪಟ್ಟಿ.

ಹಳೇ ಮನೆಗಳ ಅಟ್ಟದ ಮೇಲಿನ ದಫ್ತರ ಬಿಚ್ಚಿದರೆ ಇಂಥ ಪಟ್ಟಿಗಳು ಸಿಗುತ್ತವೆ. ತರೀಕೆರೆ ಕಡೆಯ ಅಡಿಕೆ ತೋಟದವರದಾದರೆ ವೈಕುಂಠ ಸಮಾರಾಧನೆ, ಅಜ್ಜಂಪುರದ ಲಿಂಗಾಯತರ ಮನೆಯದಾದರೆ ಶಿವಗಣಾರಾಧನೆ. ಅಕ್ಕಿ, ಬೆಲ್ಲ, ತುಪ್ಪ, ಪಂಚೆ, ದಕ್ಷಿಣೆ, ಬಾಳೆ ಎಲೆ. ಮನೆತನದ ಅಂತಸ್ತು ತಿಳಿಯಲು ಎಲೆ ಎಷ್ಟು ತಂದರು ಅಂತ ನೋಡಿದರೆ ಸಾಕು. ಗೋದಾನಕ್ಕೆ ಹಸುವನ್ನೇ ಕೊಟ್ಟರೋ, ಹಸುವಿನ ಬದಲು ದುಡ್ಡು ಕೊಟ್ಟರೋ, ಅದೂ ಅಲ್ಲಿರುತ್ತದೆ. ಅತ್ತದ್ದು ಮಾತ್ರ ಯಾರೂ ಬರೆದಿಟ್ಟಿಲ್ಲ. ಆದರೂ ಕೈಬರಹ ಗುಟ್ಟು ಬಿಟ್ಟುಕೊಡುತ್ತದೆ. ನಾನು ಕಂಡ ಒಂದು ಪಟ್ಟಿ ಶುರುವಿನಲ್ಲಿ ಮುತ್ತು ಪೋಣಿಸಿದ ಹಾಗಿದೆ. ನಡುವೆ ‘ಎಳ್ಳು’ ಎರಡು ಸಲ ಬಂದು ಒಂದಕ್ಕೆ ಗೀಟು ಬಿದ್ದಿದೆ. ಕೊನೆಯಲ್ಲಿ ಮೊತ್ತ ಕೂಡಿಸಿಯೇ ಇಲ್ಲ. ಜೀವಮಾನವೆಲ್ಲ ಲೆಕ್ಕ ಬರೆದ ಕೈ ಅಂದು ಕೂಡಿಸಲಾರದೆ ಹೋಗಿದೆ.

ಕಾಗದಕ್ಕಿಂತ ಹಿಂದೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ನಮ್ಮ ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಬಳಪದ ಬರಹವನ್ನು ಅಳಿಸಿ ಮತ್ತೆ ಬರೆಯಬಹುದು. ಯಾರ ನೆನಪು ಉಳಿಯಬೇಕು, ಯಾರದು ಅಳಿಯಬೇಕು ಎನ್ನುವುದು ಬಳಪ ಹಿಡಿದವರ ಕೈಯಲ್ಲಿತ್ತು.

ಕಲ್ಲಿನ ಕಥೆಯೂ ಬೇರೆಯಲ್ಲ. ಬಿ.ಎಲ್. ರೈಸ್ 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿಸಿದರು. ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರಿನದೇ ಹೆಸರು. ರೈಸರ ಆ ಸಂಪುಟದಲ್ಲಿ ಕಡೂರಿನ 971ರ ಒಂದು ಶಾಸನವಿದೆ. ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು ಜೈನ ದೀಕ್ಷೆ ಹಿಡಿದು, 30 ವರ್ಷ ತಪಸ್ಸು ಮಾಡಿ ದೇಹ ಬಿಟ್ಟದ್ದು ಅದರ ವಿಷಯ. ಅರಮನೆ, ಒಡವೆ, ಕೂದಲು ಎಲ್ಲ ಬಿಟ್ಟಳು ಮಹಾತಾಯಿ. ತಮ್ಮನ ದೊರೆತನ ಮಾತ್ರ ಅವಳನ್ನು ಬಿಡಲಿಲ್ಲ. ಸತ್ತ ಮೇಲೂ ಅವಳು ಬೂತುಗನ ಅಕ್ಕ.

ಇನ್ನು ಹೆಸರೇ ಸಿಗದವರು. ಸಾವಿನ ಸುದ್ದಿ ಹೊತ್ತು ಊರಿಂದೂರಿಗೆ ನಡೆದವರು, ತಮಟೆ ಬಡಿದವರು, ಗುಂಡಿ ತೋಡಿದವರು, ಬಹುಪಾಲು ದಲಿತ ಕೇರಿಯವರು. ಪುರೋಹಿತರಿಗೆ, ಅಯ್ಯನವರಿಗೆ ಪಟ್ಟಿಯಲ್ಲಿ ಹೆಸರುಂಟು, ಮುಂದೆ ‘ಶ್ರೀ’ಯೂ ಉಂಟು, ಇವರು ಬರೀ ‘ಆಳಿಗೆ ರಾಗಿ’. ಬಿಸಿಲಲ್ಲಿ ಹರದಾರಿಗಟ್ಟಲೆ ನಡೆದ ಕಾಲಿಗೆ ಸಿಕ್ಕಿದ್ದು ಅರ್ಧ ಸಾಲು. ಅವರದೇ ಮನೆಯಲ್ಲಿ ಸಾವಾದರೆ ಬರೆಯಲು ದಫ್ತರವೆಲ್ಲಿತ್ತು?

ಈ ವಿಷಯದಲ್ಲಿ ಸರ್ಕಾರದ ಮರಣ ರಿಜಿಸ್ಟರಿನ ಮೇಲೆ ನನಗೆ ಗೌರವ. 1969ರ ಜನನ ಮರಣ ನೋಂದಣಿ ಕಾಯ್ದೆಯ ಕಣ್ಣಿಗೆ ಪಟೇಲರ ಸಾವೂ ಒಂದೇ, ತೋಟಿಯ ಸಾವೂ ಒಂದೇ. ಅಲ್ಲಿ ಎಲೆ ಲೆಕ್ಕ ಇಲ್ಲ. ಪಟ್ಟಿಗೆ ಸೇರದ ದುಃಖಕ್ಕೆ ಮಾತು ಕೊಟ್ಟ ಕಥೆಗಾರರೂ ನಮ್ಮ ಸೀಮೆಯಲ್ಲಿದ್ದರು. ಅಜ್ಜಂಪುರ ಸೀತಾರಾಮರು ‘ಆನಂದ’ ಎಂಬ ಹೆಸರಲ್ಲಿ ಬರೆದ ‘ನಾನು ಕೊಂದ ಹುಡುಗಿ’ಯನ್ನು ಓದಿದ ಯಾರೂ, ದೇವರಿಗೆ ಬಸವಿಯಾಗಿ ಬಿಟ್ಟ ಆ ಚೆನ್ನಿಯ ಸಾವನ್ನು ಮರೆಯಲಾರರು.

ಈಗ ಸಾವಿನ ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ, ತಿಥಿ ಕಾರ್ಡು ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಆಗಲಿ. ಆದರೆ ಸಾವಿನ ಲೆಕ್ಕ ಮನೆಯಲ್ಲಿರಬಾರದು ಅಂತ ಅಟ್ಟದ ಗಂಟನ್ನು ಗುಜರಿಗೆ ಹಾಕಬೇಡಿ. ಒಂದು ಮಧ್ಯಾಹ್ನ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿ. ‘ಆಳಿಗೆ ರಾಗಿ’ ಅಂತ ಬಂದ ಕಡೆ ಬೆರಳಿಟ್ಟು, ಈ ಆಳು ಯಾರು, ಯಾವ ಊರಿಗೆ ಹೋಗಿದ್ದರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಕೇಳಿ. ನೆನಪಾದ ಹೆಸರನ್ನು ಅದೇ ಸಾಲಿನ ಪಕ್ಕ ನಿಮ್ಮ ಕೈಯಾರೆ ಬರೆಯಿರಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.