ಪುರ, ಮರುಭೂಮಿ, ಗಿರಿ, ಸಮುದ್ರ: ಒಂದು ಪ್ರವಾಸದ ಅನ್ವಯ

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ಅವುಗಳಲ್ಲಿ ಪುರ, ಸಮುದ್ರ, ಪರ್ವತ ಈ ಮೂರಕ್ಕೆ ಅಗ್ರಸ್ಥಾನ. ಕಾಲು ಶತಮಾನಕ್ಕೂ ಮಿಕ್ಕಿ ಈ ಶಾಲೆಯಲ್ಲಿ ಕನ್ನಡವನ್ನು ಬೋಧಿಸುತ್ತಿರುವ ನಾನು ಸಮುದ್ರವರ್ಣನೆಯ ಪದ್ಯಗಳನ್ನು ಎಷ್ಟು ಬಾರಿ ಓದಿ ಅರ್ಥ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಎದುರಿಗೆ ಕುಳಿತ ಮಕ್ಕಳಲ್ಲಿ ಬಹುಪಾಲು ಎರೆನಾಡಿನ ಒಕ್ಕಲು ಮನೆತನಗಳಿಂದ ಬಂದವರು. ಜೋಳ, ಕಡಲೆ, ಹತ್ತಿಯ ಹೊಲಗಳು ದಿಗಂತದವರೆಗೆ ಹಬ್ಬಿದ ಬಯಲೇ ಅವರು ಕಂಡ ವಿಸ್ತಾರ. ಮಳೆಗಾಲದಲ್ಲಿ ತುಂಬಿ ಬರುವ ಹಳ್ಳವೇ ಅವರು ಕಂಡ ಜಲರಾಶಿ. 'ತೆರೆ' ಎಂಬ ಪದಕ್ಕೆ 'ಅಲೆ' ಎಂದು ಅರ್ಥ ಬರೆಸಿದರೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತಾರೆ. ಪದಕ್ಕೆ ಪ್ರತಿಯಾಗಿ ಇನ್ನೊಂದು ಪದವನ್ನು ಕೊಟ್ಟಂತಾಯಿತೇ ಹೊರತು ಪದಾರ್ಥವನ್ನು ಕೊಟ್ಟಂತಾಗಲಿಲ್ಲ.

ಈ ಕೊರತೆಯನ್ನು ಬಲ್ಲವರೊಬ್ಬರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇದ್ದರು. ಪ್ರಸಾದನಿಲಯದ ಅನ್ನವನ್ನುಂಡು ಓದಿ, ದೂರದ ಊರಿನಲ್ಲಿ ಉದ್ಯಮಸ್ಥರಾಗಿ ನೆಲೆಸಿರುವ ಅವರು ತಮ್ಮ ಹೆಸರನ್ನು ಎಲ್ಲಿಯೂ ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಆ ಮಾತಿಗೆ ನಾನು ಬದ್ಧನಾಗಿದ್ದೇನೆ. ಪ್ರಸಾದನಿಲಯದ 24 ವಿದ್ಯಾರ್ಥಿಗಳಿಗೂ 4 ಜನ ಅಧ್ಯಾಪಕರಿಗೂ 12 ದಿನಗಳ ಪ್ರವಾಸದ ವೆಚ್ಚವನ್ನು ಕಳುಹಿಸಿ, ಅವರು ಒಂದೇ ಒಂದು ನಿಬಂಧನೆಯನ್ನು ಬರೆದಿದ್ದರು: ಮಕ್ಕಳು ಹಳೆಯ ನಗರ, ಮರುಭೂಮಿ, ಪರ್ವತ, ಕಡಲು ಈ ನಾಲ್ಕನ್ನೂ ಒಂದೇ ಪ್ರವಾಸದಲ್ಲಿ ಕಾಣಬೇಕು. ತಾವು ಮೊದಲು ಸಮುದ್ರವನ್ನು ಕಂಡದ್ದು ಮೂವತ್ತು ದಾಟಿದ ಮೇಲೆ ಎಂದೂ ಆ ಪತ್ರದಲ್ಲಿ ತಿಳಿಸಿದ್ದರು. ಹದಿನೆಂಟು ವರ್ಣನೆಗಳ ಪಟ್ಟಿಯಲ್ಲಿಲ್ಲದ ಮರುಭೂಮಿಯನ್ನೂ ಸೇರಿಸಿದ ಅವರ ಬಯಕೆ ನನಗೆ ಬಹಳ ಮೆಚ್ಚಿಕೆಯಾಯಿತು.

ನಾಲ್ಕೂ ಒಂದೆಡೆ ದೊರೆಯುವ ದಿಕ್ಕು ನಮ್ಮ ದೇಶದ ಪಶ್ಚಿಮ ಭಾಗ. ರಾಜಸ್ಥಾನ ಮತ್ತು ಗುಜರಾತುಗಳೆಂದು ತೀರ್ಮಾನಿಸುವುದು ಕಷ್ಟವಾಗಲಿಲ್ಲ; ಹುಬ್ಬಳ್ಳಿಯ ಮಾರ್ಗವಾಗಿ ಅಹಮದಾಬಾದಿಗೆ ನೇರವಾದ ರೈಲೂ ಉಂಟು. ಕಷ್ಟವೆನಿಸಿದ್ದು ಮುಂದಿನ ಕಾರ್ಯ. ಅಧ್ಯಾಪಕರೆಲ್ಲರೂ ತಮ್ಮ ತಮ್ಮ ಇಷ್ಟದ ಸ್ಥಳಗಳನ್ನು ಹೇಳಿದಾಗ ಜಯಪುರ, ಜೋಧಪುರ, ಜೈಸಲ್ಮೇರ್, ಉದಯಪುರ, ಅಬು ಪರ್ವತ, ಅಹಮದಾಬಾದ್, ಪಾಟಣ, ಮೊಢೇರಾ, ಧೋಲಾವೀರಾ, ಗಿರ್ನಾರ್, ದ್ವಾರಕೆ, ಸೋಮನಾಥ ಎಂದು ಹನ್ನೆರಡು ಹೆಸರುಗಳಾದವು. ಹೋಗಿಬರುವ ರೈಲಿನ ಪ್ರಯಾಣಕ್ಕೇ 4 ದಿನಗಳು ಸಲ್ಲುವುದರಿಂದ ಉಳಿದವು 8 ದಿನಗಳು. ಒಂದೊಂದು ಹೆಸರೂ ಒಂದೊಂದು ರತ್ನವೇ ಸರಿ. ಆದರೆ ಎಂಟು ದಿನಗಳ ದಾರದಲ್ಲಿ ಹನ್ನೆರಡು ರತ್ನಗಳನ್ನು ಪೋಣಿಸಹೊರಟರೆ ದಾರವೇ ಹರಿದೀತು. ಈ ಮಕ್ಕಳಲ್ಲಿ ಹಲವರಿಗೆ ಇಂಥ ಪ್ರಯಾಣ ಮತ್ತೊಮ್ಮೆ ಒದಗುವುದೋ ಇಲ್ಲವೋ ಹೇಳಲಾಗದು. ಆದ್ದರಿಂದ ಏನನ್ನು ಬಿಡಬೇಕೆಂಬುದು ಲಘುವಾದ ಪ್ರಶ್ನೆಯಾಗಿರಲಿಲ್ಲ.

ಈ ಸಂದರ್ಭದಲ್ಲಿ ನನ್ನ ನೆರವಿಗೆ ಬಂದದ್ದು ನಾನು ಗುರುಮುಖದಿಂದ ಕಲಿತ ಶಾಸ್ತ್ರ. ಪದಗಳ ರಾಶಿಯೆಲ್ಲ ವಾಕ್ಯವಾಗುವುದಿಲ್ಲ. ಅದಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕು. ಹಸು, ಕುದುರೆ, ಮನುಷ್ಯ, ಆನೆ ಎಂದು ಸುಮ್ಮನೆ ಹೇಳುತ್ತ ಹೋದರೆ ಒಂದು ಪದ ಇನ್ನೊಂದನ್ನು ಬಯಸುವುದಿಲ್ಲವಾದುದರಿಂದ ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ತೋಯಿಸು ಎಂದರೆ ತೋಯಿಸುವ ಗುಣ ಬೆಂಕಿಗಿಲ್ಲವಾದುದರಿಂದ ಅಲ್ಲಿ ಯೋಗ್ಯತೆಯಿಲ್ಲ. ಒಂದು ಪದವನ್ನು ಬೆಳಗ್ಗೆ, ಇನ್ನೊಂದನ್ನು ಮಧ್ಯಾಹ್ನ ಉಚ್ಚರಿಸಿದರೆ ಸನ್ನಿಧಿಯಿಲ್ಲ. ನಮ್ಮ ಮುಂದಿದ್ದ ಹನ್ನೆರಡು ಹೆಸರುಗಳು ಪದಗಳ ರಾಶಿಯಾಗಿದ್ದವು. ಅವುಗಳಿಂದ ಒಂದು ವಾಕ್ಯವನ್ನು ಕಟ್ಟಬೇಕಾಗಿತ್ತು.

ಸನ್ನಿಧಿಯಿಂದ ತೊಡಗಿದೆವು. ಅಬು ಪರ್ವತ ರೈಲುಮಾರ್ಗಕ್ಕೆ ಸಮೀಪವೇ. 1031ರಲ್ಲಿ ವಿಮಲಶಾಹನು ಕಟ್ಟಿಸಿದ ಅಮೃತಶಿಲೆಯ ಬಸದಿಯನ್ನು ಬಿಡುವುದೆಂದರೆ ಮನಸ್ಸು ಒಪ್ಪದು. ಆದರೆ ನಾವು ಮುಟ್ಟಬೇಕಾದ ಕಡಲಿಗೆ ಅದು ಬಲುದೂರ. ಗಿರ್ನಾರ್ ಅಬುವಿನಷ್ಟು ಎತ್ತರವಿಲ್ಲದಿದ್ದರೂ ಗುಜರಾತಿನಲ್ಲಿ ಅತ್ಯುನ್ನತವಾದ ಗಿರಿ. ಸೋಮನಾಥದ ಸಮುದ್ರ ಅಲ್ಲಿಂದ ಸುಮಾರು 90 ಕಿ.ಮೀ. ಮಾತ್ರ. ಗಿರಿ ಮತ್ತು ಸಮುದ್ರಗಳನ್ನು ಒಂದೇ ಉಸಿರಿನಲ್ಲಿ ಉಚ್ಚರಿಸಬಹುದಾದ ಸ್ಥಳವೆಂದು ಗಿರ್ನಾರನ್ನು ಆರಿಸಿದೆವು.

ಮರುಭೂಮಿಯ ವಿಷಯದಲ್ಲಿ ವಾದ ಬೆಳೆಯಿತು. ಇತಿಹಾಸದ ಅಧ್ಯಾಪಕರು ಜೈಸಲ್ಮೇರನ್ನು ಬಿಡಲೊಪ್ಪಲಿಲ್ಲ. "ಪಂಡಿತರೇ, ಮರುಭೂಮಿಯೆಂದರೆ ಮರಳಿನ ದಿಣ್ಣೆ, ಒಂಟೆ. ಕಚ್ಛದ ರಣದಲ್ಲಿ ಮರಳೆಲ್ಲಿದೆ? ಮಕ್ಕಳಿಗೆ ಉಪ್ಪನ್ನು ತೋರಿಸಿ ಮರುಭೂಮಿಯೆಂದು ಹೇಳುವಿರಾ?" ಎಂದು ಕೇಳಿದರು. ಅವರ ಮಾತಿನಲ್ಲಿ ಬಲವಿತ್ತು. 1156ರಲ್ಲಿ ಸ್ಥಾಪಿತವಾದ ಆ ದುರ್ಗನಗರ ಇಂದಿಗೂ ಜನವಸತಿಯುಳ್ಳ ಕೋಟೆ. ಆದರೆ ಅಲ್ಲಿಗೆ ಹೋಗಿ ಮರಳಿ ಕಡಲನ್ನು ಸೇರಲು ದಾರಿಯಲ್ಲಿಯೇ ಎರಡು ಮೂರು ದಿನಗಳು ಕಳೆಯುತ್ತಿದ್ದವು. ಭೂಗೋಳದ ಅಧ್ಯಾಪಕರು ಇನ್ನೊಂದು ಕಡೆಯಿಂದ ವಿಷಯವನ್ನು ಬಿಡಿಸಿದರು. ಮಳೆಗಾಲದಲ್ಲಿ ಕಡಲಿನ ನೀರೂ ಹೊಳೆಗಳ ನೀರೂ ರಣದ ಮೇಲೆ ಹರಡಿ ನಿಲ್ಲುತ್ತವೆ. ಮಳೆ ಹಿಂಜರಿದ ಮೇಲೆ ಆ ನೀರು ಆರಿ ಬಿಳಿಯ ಉಪ್ಪಿನ ಹೊದಿಕೆಯಷ್ಟೇ ಉಳಿಯುತ್ತದೆ. ಥಾರ್ ನೀರಿಲ್ಲದೆ ಆದ ಮರುಭೂಮಿ, ರಣ ನೀರೇ ಬಂದು ಮಾಡಿಹೋದ ಮರುಭೂಮಿ. ಬರವೆಂದರೆ ನೀರಿಲ್ಲದಿರುವುದೆಂದು ಮಾತ್ರ ತಿಳಿದ ನಮ್ಮ ಮಕ್ಕಳಿಗೆ ಎರಡನೆಯದು ಹೊಸ ಪಾಠವಲ್ಲವೇ ಎಂದು ಅವರು ಕೇಳಿದಾಗ ಇತಿಹಾಸದವರು ನಕ್ಕು ಸುಮ್ಮನಾದರು.

ಯೋಗ್ಯತೆಯ ವಿಚಾರವೂ ಇದರಿಂದಲೇ ಇತ್ಯರ್ಥವಾಯಿತು. ದಸರೆಯ ರಜೆಯಲ್ಲಿ ಹೊರಡೋಣವೆಂಬ ಸಲಹೆಯಿತ್ತು. ಆ ಹೊತ್ತಿಗೆ ರಣದಲ್ಲಿ ಇನ್ನೂ ನೀರು, ಕೆಸರು. ದಸರೆಯಲ್ಲಿ ಉಪ್ಪಿನ ಮರುಭೂಮಿಯನ್ನು ನೋಡುವೆನೆನ್ನುವುದೂ ಬೆಂಕಿಯಿಂದ ತೋಯಿಸುವೆನೆನ್ನುವುದೂ ಒಂದೇ ಬಗೆಯ ವಾಕ್ಯ. 2023ರ ಡಿಸೆಂಬರ್ ತಿಂಗಳು ನಿಶ್ಚಯವಾಯಿತು.

ಇನ್ನು ಆಕಾಂಕ್ಷೆ. ಒಂದು ಸ್ಥಳ ಇನ್ನೊಂದನ್ನು ಬಯಸುವಂತೆ ಮಾಡುವುದು ಯಾವುದು? ವಾಕ್ಯಕ್ಕೆ ಕ್ರಿಯಾಪದವೇ ಪ್ರಾಣ. ನಮ್ಮ ವಾಕ್ಯದ ಕ್ರಿಯಾಪದವನ್ನು ಹುಡುಕುತ್ತಿದ್ದಾಗ, ಉಳಿದ ಹೆಸರುಗಳ ಎದುರಿಗೆ ಭೂಗೋಳದವರು ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು ಕಣ್ಣಿಗೆ ಬಿದ್ದವು. ಪಾಟಣದ ಎದುರಿಗೆ ಬಾವಿ, ಮೊಢೇರಾದ ಎದುರಿಗೆ ಕುಂಡ, ಧೋಲಾವೀರಾದ ಎದುರಿಗೆ ಜಲಾಶಯ, ಗಿರ್ನಾರಿನ ಎದುರಿಗೆ ಕೆರೆ. ನೀರನ್ನು ಹಿಡಿದಿಡುವುದು: ಇದೇ ಕ್ರಿಯಾಪದವೆಂದು ಎಲ್ಲರಿಗೂ ಏಕಕಾಲದಲ್ಲಿ ಹೊಳೆಯಿತು. ಜಯಪುರ, ಉದಯಪುರಗಳು ಪಟ್ಟಿಯಿಂದ ತಾವಾಗಿಯೇ ಸರಿದವು. ಅವು ಕಡಿಮೆಯವೆಂದಲ್ಲ, ಉದಯಪುರ ಸರೋವರಗಳ ನಗರವೇ, ಜೈಸಲ್ಮೇರಿನಲ್ಲಿಯೂ ಗಡೀಸರವೆಂಬ ಕೆರೆಯುಂಟು. ಸನ್ನಿಧಿಯಿಲ್ಲದ ಕಾರಣ ಅವು ಬೇರೊಂದು ವಾಕ್ಯಕ್ಕೆ ಸೇರಬೇಕಾದ ಪದಗಳು.

ದ್ವಾರಕೆಯ ವಿಷಯ ಮಾತ್ರ ನನ್ನನ್ನು ಬಾಧಿಸಿತು. ನಮ್ಮ ಗಣಿತದ ಹಿರಿಯ ಅಧ್ಯಾಪಕರು ಮರುವರ್ಷ ನಿವೃತ್ತರಾಗುವವರು. ಗೋಮತಿ ಸಮುದ್ರವನ್ನು ಸೇರುವಲ್ಲಿ ಸ್ನಾನ ಮಾಡಬೇಕೆಂಬುದು ಅವರ ಬಹುಕಾಲದ ಆಸೆ. ಸೋಮನಾಥದಿಂದ ಅಲ್ಲಿಗೆ 200 ಕಿ.ಮೀ.ಗೂ ಮಿಕ್ಕಿದ ದಾರಿ. ದ್ವಾರಕೆಗೆ ಒಂದು ದಿನ ಕೊಟ್ಟರೆ ಧೋಲಾವೀರಾದ ಒಂದು ದಿನ ಹೋಗುತ್ತಿತ್ತು. ನಾವೆಲ್ಲರೂ ಸಂಕೋಚದಿಂದ ಕುಳಿತಿದ್ದಾಗ ಅವರೇ, "ಪಂಡಿತರೇ, ಮಕ್ಕಳ ವಾಕ್ಯದೊಳಗೆ ನನ್ನ ಪದವನ್ನು ತುರುಕಬೇಡಿರಿ. ಗೋಮತಿ ಎಲ್ಲಿಗೂ ಹೋಗುವುದಿಲ್ಲ" ಎಂದು ಆ ಹೆಸರನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿದರು. ತ್ಯಾಗವೆಂಬ ದೊಡ್ಡ ಮಾತನ್ನು ಅವರು ಒಪ್ಪಲಾರರು. ಆದರೆ ಆ ಪ್ರವಾಸಕ್ಕೆ ಅವರು ಕೊಟ್ಟ ದಾನ ಧನದಾನಕ್ಕಿಂತ ಕಿರಿದಲ್ಲವೆಂದು ನಾನು ತಿಳಿದಿದ್ದೇನೆ.

ಹೊರಡುವುದಕ್ಕೆ ಮೊದಲು ಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ದು ಮುಸುಕಿನ ಬಾವಿಯನ್ನು ತೋರಿಸಿದೆವು. ಪರದೇಶದ ವಸ್ತುವನ್ನು ಅಳೆಯಲು ಸ್ವದೇಶದ ಅಳತೆಗೋಲು ಕೈಯಲ್ಲಿರಬೇಕು. ಆ ಬಳಿಕ 1411ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಹಳೆಯ ಕೇರಿಗಳಲ್ಲಿ, ಮನೆಯಂಗಳದ ಕೆಳಗೆ ಮಳೆನೀರನ್ನು ಕೂಡಿಡುವ ನೆಲತೊಟ್ಟಿಗಳ ವಿಷಯವನ್ನು ತಿಳಿದುಕೊಂಡರು. ಪಾಟಣದಲ್ಲಿ ಚಾಲುಕ್ಯ ಭೀಮದೇವನ ನೆನಪಿಗಾಗಿ ರಾಣಿ ಉದಯಮತಿ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಬಾವಿಯ ಏಳು ಅಂತಸ್ತುಗಳನ್ನು ಕಂಡರು. ಸರಸ್ವತಿಯ ಪ್ರವಾಹದ ಹೂಳಿನಲ್ಲಿ ಶತಮಾನಗಳ ಕಾಲ ಮುಚ್ಚಿಹೋಗಿದ್ದ ಅದರ ಶಿಲ್ಪಗಳು, ಆ ಹೂಳಿನಿಂದಲೇ ರಕ್ಷಿತವಾಗಿ ಉಳಿದಿವೆ. 2018ರಲ್ಲಿ ಬಂದ ನೂರು ರೂಪಾಯಿಯ ನೋಟಿನ ಹಿಂಬದಿಯಲ್ಲಿರುವುದು ಇದೇ ಬಾವಿ. ಒಬ್ಬ ಹುಡುಗ ತಾಯಿ ಕೊಟ್ಟು ಕಳುಹಿಸಿದ್ದ ನೋಟನ್ನು ತೆಗೆದು, ಅದನ್ನೊಮ್ಮೆ ಬಾವಿಯನ್ನೊಮ್ಮೆ ನೋಡುತ್ತ ನಿಂತಿದ್ದನು.

ಧೋಲಾವೀರಾ ರಣದ ನಡುವೆ ಖಡೀರವೆಂಬ ದ್ವೀಪದ ಮೇಲಿದೆ. ಸುತ್ತಲೂ ಉಪ್ಪು, ಅದರ ನಡುವೆ ಐದು ಸಾವಿರ ವರ್ಷಗಳ ಹಿಂದಿನ ಜನರು ಮಾನಸರ, ಮನಹರ ಎಂಬ ಎರಡು ಮಳೆಗಾಲದ ಹಳ್ಳಗಳಿಗೆ ಒಡ್ಡು ಕಟ್ಟಿ, ಬಂಡೆಯನ್ನು ಕಡಿದು ಜಲಾಶಯಗಳನ್ನು ಮಾಡಿ ನಗರವನ್ನು ಬಾಳಿಸಿದರು. 2021ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ತಾಣವೆಂದು ಮಾನ್ಯಮಾಡಿದೆ. ಅಲ್ಲಿಯ ಕೋಟೆಯ ಉತ್ತರದ್ವಾರದ ಬಳಿ ಹತ್ತು ದೊಡ್ಡ ಚಿಹ್ನೆಗಳ ಫಲಕವೊಂದು ದೊರೆತಿತ್ತು. ಅದರ ಚಿತ್ರವನ್ನು ತೋರಿಸಿ, "ಓದಿ ಹೇಳಿರಿ" ಎಂದು ಮಕ್ಕಳು ನನ್ನನ್ನು ಕೇಳಿದರು. ಹಳಗನ್ನಡದ ಶಾಸನಗಳನ್ನು ಸರಾಗವಾಗಿ ಓದುವ ನಾನು, ಇದನ್ನು ಓದಬಲ್ಲವರು ಜಗತ್ತಿನಲ್ಲಿ ಈವರೆಗೆ ಯಾರೂ ಇಲ್ಲವೆಂದು ಹೇಳಿದೆನು. ಅಕ್ಷರ ಮೌನವಾಗಿದೆ, ಅವರು ಕಡಿದ ಕೊಳಗಳು ಮಾತನಾಡುತ್ತಿವೆ.

ಗಿರ್ನಾರಿನ ಬುಡದಲ್ಲಿ ಇದಕ್ಕೆ ಪ್ರತಿಯಾದ ಸಂಗತಿ. ಅಲ್ಲಿ ಅಕ್ಷರಗಳಿವೆ, ಕೆರೆಯಿಲ್ಲ. ಒಂದೇ ಬಂಡೆಯ ಮೇಲೆ ಅಶೋಕನ ಧರ್ಮಶಾಸನಗಳು, ಸುಮಾರು 150ರ ರುದ್ರದಾಮನ ಶಾಸನ, ಐದನೆಯ ಶತಮಾನದ ಸ್ಕಂದಗುಪ್ತನ ಶಾಸನ. ಶುದ್ಧ ಸಂಸ್ಕೃತ ಗದ್ಯದ ದೀರ್ಘಶಾಸನಗಳಲ್ಲಿ ಬಹು ಪ್ರಾಚೀನವೆಂದು ಕಲಿತಿದ್ದ ರುದ್ರದಾಮನ ಶಾಸನವನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡೆನು. ಅದರ ವಸ್ತುವೇ ಸುದರ್ಶನವೆಂಬ ಕೆರೆ. ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತನು ಅದನ್ನು ಕಟ್ಟಿಸಿದನು; ಅಶೋಕನ ಕಾಲದಲ್ಲಿ ತುಷಾಸ್ಫನು ಕಾಲುವೆಗಳನ್ನು ಮಾಡಿಸಿದನು; ಮುಂದೆ ಭೀಕರ ಮಳೆಗೆ 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳವಾಗಿ ಏರಿ ಒಡೆಯಿತು. ಸರಿಪಡಿಸುವುದು ಅಸಾಧ್ಯವೆಂದು ಮಂತ್ರಿಗಳು ಹಿಂಜರಿದರು, ಪ್ರಜೆಗಳು ಹಾಹಾಕಾರ ಮಾಡಿದರು. ಆಗ ರುದ್ರದಾಮನು ಪ್ರಜೆಗಳ ಮೇಲೆ ತೆರಿಗೆ, ಬಿಟ್ಟಿಗಳನ್ನು ಹೇರದೆ, ತನ್ನ ಬೊಕ್ಕಸದಿಂದಲೇ ಧನವನ್ನಿತ್ತು ಅಮಾತ್ಯ ಸುವಿಶಾಖನಿಂದ ಏರಿಯನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಮೂರು ಶತಮಾನಗಳ ಮೇಲೆ ಅದು ಮತ್ತೆ ಒಡೆಯಿತು. ಸ್ಕಂದಗುಪ್ತನ ಕಾಲದಲ್ಲಿ ಚಕ್ರಪಾಲಿತನು ಮತ್ತೆ ಕಟ್ಟಿಸಿದನು. ಕಟ್ಟಿದವರು ಒಬ್ಬರು, ಕಾಲುವೆ ತೋಡಿದವರು ಇನ್ನೊಬ್ಬರು, ಒಡೆದಾಗ ಕೈಗೊಟ್ಟವರು ಮತ್ತೊಬ್ಬರು. ವಿದ್ಯಾಸಂಸ್ಥೆಗಳ ಇತಿಹಾಸವೂ ಇದಕ್ಕಿಂತ ಭಿನ್ನವಲ್ಲವೆಂದು ನನಗೆ ಅನ್ನಿಸಿತು. ಮರುದಿನ ಮಕ್ಕಳು ಮೆಟ್ಟಿಲುಗಳನ್ನೇರಿದರು. 2020ರಲ್ಲಿ ಆರಂಭವಾದ ರಜ್ಜುಮಾರ್ಗ ನಮ್ಮಂಥ ಮಂಡಿನೋವಿನವರನ್ನು ಮೇಲಕ್ಕೆ ಮುಟ್ಟಿಸಿತು.

ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ಪ್ರವಾಸದ ಕೊನೆಗೆ ಬಂದದ್ದು ಸೋಮನಾಥದ ಸಮುದ್ರ. ಸೌರಾಷ್ಟ್ರದ ಸೋಮನಾಥನನ್ನು ಆದಯ್ಯನು ಪುಲಿಗೆರೆಗೆ ತಂದ ಕಥೆಯನ್ನು ರಾಘವಾಂಕನ ಕೃತಿಯ ಮೂಲಕ ಕೇಳಿದ್ದ ಮಕ್ಕಳಿಗೆ ಊರು ಅಪರಿಚಿತವೆನಿಸಲಿಲ್ಲ. 1026ರ ದಾಳಿಯನ್ನೂ, 1951ರ ಮೇ 11ರಂದು ಹೊಸ ದೇಗುಲದಲ್ಲಿ ಪ್ರತಿಷ್ಠೆಯಾದುದನ್ನೂ ಇತಿಹಾಸದವರು ವಿವರಿಸಿದರು. ಆದರೆ ಮಕ್ಕಳ ಕಣ್ಣು ಕಡಲಿನಲ್ಲಿತ್ತು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬನು ತನ್ನ ಊರ ಮಾತಿನಲ್ಲಿಯೇ, "ಇಷ್ಟು ನೀರ ಇದ್ದರೂ ಕುಡ್ಯಾಕ ಬಾವೀನ ಬೇಕಲ್ರೀ, ಗುರುಗಳ?" ಎಂದನು. ಎಂಟು ದಿನಗಳ ವಾಕ್ಯಕ್ಕೆ ಅವನೇ ಅನ್ವಯವನ್ನು ಹೇಳಿದಂತಾಯಿತು.

ಮುಂದೆ ಪ್ರವಾಸಗಳನ್ನು ಯೋಜಿಸುವ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಸ್ಥಳಗಳ ಹೆಸರನ್ನು ಬರೆಯುವುದಕ್ಕೆ ಮೊದಲು ಕ್ರಿಯಾಪದವನ್ನು ಹುಡುಕಿರಿ. ಅದು ದೊರೆತರೆ ಏನನ್ನು ನೋಡಬೇಕೆಂಬುದರ ಜೊತೆಗೆ ಏನನ್ನು ವ್ಯಥೆಯಿಲ್ಲದೆ ಬಿಡಬಹುದೆಂಬುದೂ ತಿಳಿಯುತ್ತದೆ. ನಮ್ಮ ಗಣಿತದ ಅಧ್ಯಾಪಕರು ನಿವೃತ್ತರಾದ ಮೇಲೆ ಸಪತ್ನೀಕರಾಗಿ ದ್ವಾರಕೆಗೆ ಹೋಗಿಬಂದರೆಂದು ತಿಳಿಸಲು ಸಂತೋಷವಾಗುತ್ತದೆ. ಪ್ರವಾಸದಿಂದ ಮರಳಿದ ಮಕ್ಕಳು ಪ್ರಸಾದನಿಲಯದ ಹಿತ್ತಿಲಿನ ಹಳೆಯ ಬಾವಿಯ ಹೂಳನ್ನು ತೆಗೆಸಬೇಕೆಂದೂ, ಮಾಳಿಗೆಯ ಮಳೆನೀರನ್ನು ಅದಕ್ಕೆ ತಿರುಗಿಸಬೇಕೆಂದೂ ಲಿಖಿತ ಮನವಿಯನ್ನು ಕೊಟ್ಟಿದ್ದಾರೆ. ಮನವಿಯಲ್ಲಿ ಕಾಗುಣಿತದ ದೋಷಗಳು ನಾಲ್ಕಾರು ಇದ್ದವು. ತಿದ್ದಲು ಮನಸ್ಸು ಬರಲಿಲ್ಲ. ಬಾವಿಯ ಕೆಲಸ ಇನ್ನೂ ಆಗಬೇಕಾಗಿದೆ.