ಮುಕ್ತಿನಾಥಕ್ಕೆ ಸೈಕಲ್: ದುಡ್ಡಿಗಿಂತ ದಿನ ದುಬಾರಿ

ದೀಪಾವಳಿ ಕಳೆದ ಮೇಲೆ, ನವೆಂಬರ್‌ನಲ್ಲಿ, ನಾವು ಮೂವರು ನೇಪಾಳಕ್ಕೆ ಸೈಕಲ್ ಪ್ರವಾಸ ಹೋಗಬೇಕೆಂದಿದ್ದೇವೆ. ನಾನು ಬಂಟ್ವಾಳದ ಬಿಡಿ ಸುದ್ದಿಗಾರ. ಇನ್ನೊಬ್ಬ ಬೆಳ್ತಂಗಡಿ ಕಡೆಯ ಗ್ಯಾರೇಜ್ ಮೆಕ್ಯಾನಿಕ್, ಮತ್ತೊಬ್ಬ ಮೂಡುಬಿದಿರೆಯಲ್ಲಿ ಉಪನ್ಯಾಸಕ. ಭಾನುವಾರ ಬೆಳಿಗ್ಗೆ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯುವುದು ನಮ್ಮ ಅಭ್ಯಾಸ. ಈ ಸಲದ ಗುರಿ ಅನ್ನಪೂರ್ಣ ಪರ್ವತದ ಹಿಂಬದಿಯಲ್ಲಿರುವ ಮುಕ್ತಿನಾಥ. ಅಲ್ಲಿಂದ ಕಾಳಿ ಗಂಡಕಿ ಕಣಿವೆ ಹಿಡಿದು ಪೋಖರಾ ಕಡೆಗೆ ಇಳಿಯುವುದು.

ವಿದೇಶ ಪ್ರವಾಸ ಎಂದರೆ ನಮ್ಮಂಥವರಿಗೆ ಮೊದಲು ನೆನಪಾಗುವುದು ವೀಸಾ ಮತ್ತು ದುಡ್ಡು. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಸಾಕು. ವಿಮಾನದಲ್ಲಿ ಹೋಗುವ ನಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ, ಇದನ್ನು ನೆನಪಿಡಿ. ಭಾರತದ 1 ರೂಪಾಯಿಗೆ ಅಲ್ಲಿ 1.60. ಸೈಕಲ್ ಪೋಖರಾದಲ್ಲೇ ಬಾಡಿಗೆಗೆ ಸಿಗುತ್ತದೆ. ಲೆಕ್ಕ ಹಾಕುತ್ತಾ ಹೋದ ಹಾಗೆ ಗೊತ್ತಾದದ್ದು ಏನೆಂದರೆ, ನಮಗೆ ಭಾರವಾಗುವುದು ದುಡ್ಡಲ್ಲ, ದಿನ.

ಯಾಕೆಂದು ಹೇಳುತ್ತೇನೆ. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮುಕ್ತಿನಾಥ ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರದಲ್ಲಿದೆ. ಬಂಟ್ವಾಳದಲ್ಲಿ ನೇತ್ರಾವತಿ ದಂಡೆಯ ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಅಲ್ಲಿ ಸಿಗುವುದು ಮೂರನೇ ಎರಡು ಪಾಲು ಮಾತ್ರ. ನೂರು ಸಲ ಚಾರ್ಮಾಡಿ ಹತ್ತಿದರೂ ಇದಕ್ಕೆ ತಯಾರಿ ಆಗುವುದಿಲ್ಲ. ಕಾಲು ಗಟ್ಟಿಯಾಗುತ್ತದೆ, ಅಷ್ಟೇ. ತೆಳು ಗಾಳಿಗೆ ಮೈ ಒಗ್ಗಬೇಕಾದರೆ ಆ ಎತ್ತರದಲ್ಲೇ ರಾತ್ರಿ ಕಳೆಯಬೇಕು. ಗಟ್ಟಿಮುಟ್ಟಾದವರಿಗೆ ಬೆಟ್ಟದ ಕಾಯಿಲೆ ಬರುವುದಿಲ್ಲ ಎನ್ನುವುದೂ ಸುಳ್ಳು. ಅವರು ಬೇಗ ಬೇಗ ಹತ್ತುತ್ತಾರೆ, ಆದ್ದರಿಂದ ಅಪಾಯ ಅವರಿಗೇ ಹೆಚ್ಚಾಗಬಹುದು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣ. ಕಡೆಗಣಿಸಿ ಮೇಲೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಆಗ ಉಳಿಸುವುದು ಕೆಳಗೆ ಇಳಿಯುವುದೊಂದೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಕೊಡಬೇಕು ಎನ್ನುತ್ತಾರೆ ವೈದ್ಯರು. ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎನ್ನುವುದನ್ನೂ ಅವರನ್ನೇ ಕೇಳಬೇಕು.

ಪೋಖರಾ ಇರುವುದು ಸುಮಾರು 820 ಮೀಟರ್‌ನಲ್ಲಿ. ಅಲ್ಲಿಂದ ಮುಕ್ತಿನಾಥಕ್ಕೆ ಈಗ ಜೀಪ್ ರಸ್ತೆ ಇದೆ. ಒಂದೇ ದಿನದಲ್ಲಿ ಹತ್ತಿಬಿಡಬಹುದು. ಹಾಗೆ ಮಾಡಿದರೆ ನಮ್ಮ ಪ್ರವಾಸ ಹತ್ತು ದಿನದಲ್ಲಿ ಮುಗಿಯುತ್ತದೆ. ಮೈ ಒಗ್ಗಿಸಿಕೊಂಡು ಹೋದರೆ ಹದಿನೈದು. ಈ ಐದು ದಿನದ ಮೇಲೇ ನಮ್ಮೊಳಗೆ ಚರ್ಚೆ ನಡೆದದ್ದು.

ಉಪನ್ಯಾಸಕನಿಗೆ ರಜೆ ಇದೆ. ಮೆಕ್ಯಾನಿಕ್ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ನನ್ನ ಕತೆ ಈ ಬ್ಲಾಗ್ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಡಿ ಸುದ್ದಿಗಾರನಿಗೆ ರಜೆ ಎನ್ನುವ ಶಬ್ದವೇ ಇಲ್ಲ. ಅಚ್ಚಾದರೆ ಸಂಭಾವನೆ, ಇಲ್ಲದಿದ್ದರೆ ಇಲ್ಲ. ನವೆಂಬರ್ ಎಂದರೆ ಕಂಬಳದ ಋತು ಶುರು, ಯಕ್ಷಗಾನ ಮೇಳಗಳ ತಿರುಗಾಟ ಶುರು. ಹದಿನೈದು ದಿನ ಊರಲ್ಲಿಲ್ಲದಿದ್ದರೆ ಡೆಸ್ಕಿನವರು ಬೇರೆ ಯಾರಿಗೋ ಫೋನ್ ಮಾಡುತ್ತಾರೆ, ಆಮೇಲೆ ಅವರಿಗೇ ಮಾಡುವುದು ರೂಢಿಯಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಮೊದಲು ಕತ್ತರಿ ಹಾಕಲು ಕೈ ಹೋಗುವುದು ಆ ‘ಸುಮ್ಮನೆ ಕೂರುವ’ ದಿನಗಳಿಗೇ. ಆದರೆ ಇಡೀ ಪಟ್ಟಿಯಲ್ಲಿ ಮುಟ್ಟಬಾರದ ಬಾಬತ್ತು ಅದೊಂದೇ. ಹೋಟೆಲ್ ಕಡಿಮೆ ದರ್ಜೆಯದಾಗಲಿ, ಸೈಕಲ್ ಹಳೆಯದಾಗಲಿ, ದಿನ ಕಡಿಮೆಯಾಗಬಾರದು.

‘ಅಷ್ಟು ದೂರ ಹೋಗಿ ಥೊರಾಂಗ್ ಲಾ ಹತ್ತದೆ ಬರುವುದಾ ಮಾರಾಯ?’ ಎಂದು ಮೆಕ್ಯಾನಿಕ್ ಕೇಳಿದ. ಮುಕ್ತಿನಾಥದ ಮೇಲಿರುವ ಆ ಕಣಿವೆದಾರಿ 5,416 ಮೀಟರ್, ಆಮ್ಲಜನಕ ಅರ್ಧ. ಸೈಕಲ್ ಹೊತ್ತು ದಾಟುವವರಿದ್ದಾರೆ. ನಾನು 2014ರ ಅಕ್ಟೋಬರ್ ನೆನಪಿಸಿದೆ. ಬಂಗಾಳಕೊಲ್ಲಿಯಿಂದ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಉಳಿಕೆ ಎರಡು ದಿನದಲ್ಲಿ ಅಲ್ಲಿ ಹಿಮಪಾತವಾಗಿ ಬಿದ್ದು, ಆ ಸುತ್ತಿನಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕಾಯಲು ದಿನ ಇಲ್ಲದವರು ಅಲ್ಲಿಗೆ ಹೋಗಬಾರದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇನ್ನೊಮ್ಮೆ’ ಎಂದ.

ಕೊನೆಗೆ ನಿಂತ ಪಟ್ಟಿ ಹೀಗಿದೆ: ಪೋಖರಾದಿಂದ ಜೀಪಿನಲ್ಲಿ ತಾತೋಪಾನಿ, 1,200 ಮೀಟರ್. ಮರುದಿನ ಸೇಬಿನ ಊರು ಮಾರ್ಫಾ, ಅಲ್ಲಿ ಎರಡು ರಾತ್ರಿ. ನಂತರ ಜೋಮ್‌ಸೋಮ್ ದಾಟಿ 2,800 ಮೀಟರ್‌ನ ಕಾಗ್‌ಬೇನಿ, ಅಲ್ಲಿ ಮೂರು ರಾತ್ರಿ. ಮುಕ್ತಿನಾಥದಲ್ಲಿ ತಂಗುವುದಿಲ್ಲ. ಬೆಳಿಗ್ಗೆ ಜೀಪಿನಲ್ಲಿ ಹೋಗಿ, ದರ್ಶನ ಮಾಡಿ, ಸೈಕಲ್‌ನಲ್ಲಿ ಕಾಗ್‌ಬೇನಿಗೇ ಇಳಿದು ಮಲಗುವುದು. ಆಮೇಲೆ ಮೂರು ದಿನ ಕಣಿವೆಯಲ್ಲಿ ಇಳಿಯುವುದು. ಅಲ್ಲಿ ಹೊತ್ತೇರಿದ ಮೇಲೆ ತೆಂಕಣಿಂದ ಜೋರು ಗಾಳಿ ಏಳುತ್ತದೆ. ತೆಂಕಕ್ಕೆ ಇಳಿಯುವವರಿಗೆ ಅದು ಎದುರುಗಾಳಿ. ಬೆಳಕು ಹರಿದ ಕೂಡಲೇ ಹೊರಟು ಹತ್ತು ಹನ್ನೊಂದಕ್ಕೆ ಸವಾರಿ ಮುಗಿಸಬೇಕು. ರಸ್ತೆ ಕುಸಿದರೆ ಇರಲಿ ಎಂದು ಒಂದು ದಿನ ಕೈಯಲ್ಲಿ. ಘಾಟಿ ಕುಸಿದ ಸುದ್ದಿ ಪ್ರತಿ ಮಳೆಗಾಲ ಬರೆಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವಿಮೆಯ ಪಾಲಿಸಿಯಲ್ಲಿ ಎತ್ತರದ ಮಿತಿ ಎಷ್ಟು, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ಎಂದು ಓದಿಯೇ ಸಹಿ ಹಾಕುವುದು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿಯನ್ನು ಪೋಖರಾದಲ್ಲಿ ಮಾಡಿಸುವುದು.

ಅಮ್ಮನಿಗೆ ಈ ಲೆಕ್ಕ ಯಾವುದೂ ಬೇಡ. ಮುಕ್ತಿನಾಥ ಎಂದದ್ದೇ ಅವರು ದೇವರ ಕೋಣೆಯ ಸಾಲಿಗ್ರಾಮದ ಕಡೆ ನೋಡಿದರು. ಅದು ಗಂಡಕಿಯ ಕಲ್ಲು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಯ ಪಳೆಯುಳಿಕೆ. ಉಪನ್ಯಾಸಕ ಗೆಳೆಯ ಹೇಳುವುದು ಇನ್ನೊಂದು: ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ನೋಡಿ 19ನೇ ಶತಮಾನದಲ್ಲೇ ಜೇಮ್ಸ್ ಫರ್ಗುಸನ್ ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದನಂತೆ. ಸಂಬಂಧ ಇದೆಯೋ ಇಲ್ಲವೋ, ಕಾಠ್ಮಂಡುವಿನ ಗುಡಿಗಳ ಮುಂದೆ ನಿಂತು ನೋಡುವ ಆಸೆ ಅವನಿಗೆ. ‘ಕಲ್ಲು ತರದಿದ್ದರೂ ಅಡ್ಡಿಯಿಲ್ಲ ಮಗಾ, ಉಸಿರು ಕಟ್ಟಿದರೆ ಇಳಿದು ಬಾ’ ಎಂದರು ಅಮ್ಮ. ವೈದ್ಯರ ಪುಸ್ತಕದಲ್ಲಿರುವುದೂ ಅದೇ.

ಹದಿನೈದು ದಿನಗಳ ಸಂಭಾವನೆಯನ್ನು ಪ್ರವಾಸದ ಖರ್ಚಿನ ಮೊದಲ ಸಾಲಿನಲ್ಲೇ ಬರೆದುಕೊಂಡಿದ್ದೇನೆ, ಬಾಡಿಗೆ ಸೈಕಲ್‌ಗಿಂತ ಮೇಲೆ. ತಿಂಗಳಿಗಿಷ್ಟು ಎಂದು ತೆಗೆದಿಡುತ್ತಿದ್ದೇನೆ. ಈ ವರ್ಷ ಅದು ತುಂಬದಿದ್ದರೆ ಹೋಗುವುದು ಮುಂದಿನ ನವೆಂಬರ್‌ಗೆ, ಅದೇ ಹದಿನೈದು ದಿನಕ್ಕೆ.